ಎಂಮ್ಯಾಪ್ ರಿಫ್ಯಾಕ್ಟರ್ ರಿವ್ಯೂ ಮಾಡುವಾಗ ಕಾಣದೆ ಬಿಟ್ಟುಹೋದದ್ದನ್ನು ಹುಡುಕಿ

2021ರ ಕೊನೆಯಲ್ಲಿ ಕೆಲವು ಕ್ರೋಮ್‌ಬುಕ್‌ಗಳಲ್ಲಿ ಒಂದು ವಿಚಿತ್ರ ತೊಂದರೆ ಕಾಣಿಸಿಕೊಂಡಿತು. ಬಳಕೆದಾರರು ಲಾಗ್‌ಔಟ್ ಮಾಡುವ ಹೊತ್ತಿಗೆ ಕರ್ನಲ್ ಕ್ರ್ಯಾಶ್ ಆಗುತ್ತಿತ್ತು. ಅವು ಕ್ವಾಲ್‌ಕಾಮ್ ಚಿಪ್ ಇದ್ದ, ಆಂಡ್ರಾಯ್ಡ್ ಆ್ಯಪ್‌ಗಳನ್ನೂ ಓಡಿಸುವ ಲ್ಯಾಪ್‌ಟಾಪ್‌ಗಳು. ಕ್ರ್ಯಾಶ್ ಆದ ಜಾಗ ನೋಡಿದರೆ ಅದು ಗ್ರಾಫಿಕ್ಸ್ ಕೋಡೇ ಅಲ್ಲ. ಸಾಯುತ್ತಿರುವ ಪ್ರೋಗ್ರಾಮಿನ ಮೆಮೊರಿಯನ್ನು ಫೈಲಿಗೆ ಬರೆದಿಡುವ ಕೋರ್ ಡಂಪ್ ಕೋಡ್. ಕಾರಣ ಮಾತ್ರ ಎಂಎಸ್‌ಎಂ ಎಂಬ ಗ್ರಾಫಿಕ್ಸ್ ಡ್ರೈವರ್‌ನಲ್ಲಿತ್ತು. ಅದೇ ವರ್ಷ ಒಳಗೆ ಸೇರಿದ್ದ ಒಂದು ರಿಫ್ಯಾಕ್ಟರ್ (ವರ್ತನೆ ಬದಲಿಸದೆ ಕೋಡ್ ಚೊಕ್ಕ ಮಾಡುವ) ಪ್ಯಾಚ್ ಅದಕ್ಕೆ ದಾರಿ ಮಾಡಿಕೊಟ್ಟಿತ್ತು.

ಆ ಪ್ಯಾಚ್ ಕೆಟ್ಟದ್ದಾಗಿರಲಿಲ್ಲ. ಡ್ರೈವರ್ ತಾನೇ ಬರೆದುಕೊಂಡಿದ್ದ ಎಂಮ್ಯಾಪ್ (ಮೆಮೊರಿಯನ್ನು ಪ್ರೋಗ್ರಾಮಿನ ವಿಳಾಸಗಳಿಗೆ ಜೋಡಿಸುವ ಕರೆ) ಕೋಡನ್ನು ತೆಗೆದು, ಎಲ್ಲ ಡ್ರೈವರ್‌ಗಳಿಗೂ ಸಾಮಾನ್ಯವಾದ ಹೆಲ್ಪರ್ ಬಳಸುವಂತೆ ಮಾಡಿತ್ತು. ಕೋಡ್ ಕಡಿಮೆಯಾಯಿತು, ಓದಲು ಸುಲಭವಾಯಿತು. ಆದರೆ ಹಳೆಯ ಕೋಡ್ ಯಾರ ಗಮನಕ್ಕೂ ಬಾರದೆ ಮಾಡುತ್ತಿದ್ದ ಒಂದು ಕೆಲಸ ಆ ಗಡಿಬಿಡಿಯಲ್ಲಿ ಬಿಟ್ಟುಹೋಯಿತು. ಡಿಫ್‌ನಲ್ಲಿ ಅದು ಕಾಣುವ ಹಾಗೇ ಇರಲಿಲ್ಲ. ಕಾಣದ್ದನ್ನು ಹುಡುಕುವುದು ಹೇಗೆ ಎಂದು ಹೇಳಲಿಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಲಿನಕ್ಸ್ ಕರ್ನಲ್‌ನ ಡಿಆರ್‌ಎಂ ಎಂಬ ಗ್ರಾಫಿಕ್ಸ್ ಭಾಗವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಸಿ ಭಾಷೆ ಬರುತ್ತದೆ, ಕರ್ನಲ್ ಸ್ವಲ್ಪ ಗೊತ್ತು, ಆದರೆ ಇಂಥ ಪ್ಯಾಚ್ ಕೈಗೆ ಬಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುವುದಿಲ್ಲ ಎನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ಟೋಕನ್ ಕಥೆ

ಒಂದು ಆಟವೋ ಬ್ರೌಸರೋ ಚಿತ್ರ ಬಿಡಿಸಬೇಕಾದರೆ ಡ್ರೈವರ್ ಹತ್ತಿರ ಒಂದು ಬಫರ್ ಕೇಳುತ್ತದೆ. ಡ್ರೈವರ್ ಕೊಡುವುದು ವಿಳಾಸವನ್ನಲ್ಲ, ಹ್ಯಾಂಡಲ್ ಎಂಬ ಒಂದು ಸಂಖ್ಯೆಯನ್ನು. ಈ ಏರ್ಪಾಡಿನ ಹೆಸರು ಜೆಮ್. ಇಂಟೆಲ್‌ನವರು ಇದನ್ನು ಬರೆದರು. 2008ರಲ್ಲಿ ಲಿನಕ್ಸ್ 2.6.28ರ ಜೊತೆ ಹೊರಬಂತು. ಬಫರ್ ಒಳಗೆ ಸಿಪಿಯು ಕಡೆಯಿಂದ ಏನಾದರೂ ಬರೆಯಬೇಕಾದರೆ ಪ್ರೋಗ್ರಾಮಿಗೆ ವಿಳಾಸ ಬೇಕೇ ಬೇಕು. ಆಗ ಅದು ಡ್ರೈವರ್‌ನಿಂದ ಒಂದು ಆಫ್‌ಸೆಟ್ ಪಡೆದು, ಗ್ರಾಫಿಕ್ಸ್ ಡಿವೈಸ್ ಫೈಲಿನ ಮೇಲೆ ಎಂಮ್ಯಾಪ್ ಕರೆಯುತ್ತದೆ.

ಈ ಆಫ್‌ಸೆಟ್ ನಿಜವಾದ ಆಫ್‌ಸೆಟ್ ಅಲ್ಲ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವ ಟೋಕನ್ ಇದ್ದ ಹಾಗೆ. ಟೋಕನ್ ಮೇಲೆ 412 ಅಂತ ಇದ್ದರೆ ನಿಮ್ಮ ಚಪ್ಪಲಿ 412 ಅಡಿ ದೂರದಲ್ಲಿದೆ ಎಂದಲ್ಲ. ಆ ನಂಬರ್ ನೋಡಿ ಸ್ಟ್ಯಾಂಡಿನವರು ಸರಿಯಾದ ಗೂಡಿನಿಂದ ತೆಗೆದುಕೊಡುತ್ತಾರೆ. 64 ಬಿಟ್ ಕರ್ನಲ್‌ನಲ್ಲಿ ಈ ಟೋಕನ್‌ಗಳು 4 ಜಿಬಿ ಗಡಿಯ ಮೇಲಿನಿಂದ ಶುರುವಾಗುತ್ತವೆ. ಎಂಮ್ಯಾಪ್ ಕರೆ ಬಂದಾಗ ಡಿಆರ್‌ಎಂ ಟೋಕನ್ ನೋಡಿ ಬಫರ್ ಹುಡುಕುತ್ತದೆ. ಕೇಳುತ್ತಿರುವವರಿಗೆ ಆ ಬಫರ್ ಮೇಲೆ ಹಕ್ಕಿದೆಯಾ ಎಂದು ನೋಡುತ್ತದೆ. ಆಮೇಲೆ ಮ್ಯಾಪ್ ಮಾಡಿಕೊಡುತ್ತದೆ. ರಿವ್ಯೂ ಮುಗಿಯುವವರೆಗೂ ಈ ಟೋಕನ್ ನಿಮ್ಮ ನೆನಪಿನಲ್ಲಿರಲಿ. ಅರ್ಧಕ್ಕರ್ಧ ತಪ್ಪುಗಳು ಇದರ ಸುತ್ತಲೇ ಹುಟ್ಟುತ್ತವೆ.

ಪ್ಯಾಚ್ ಏನು ಹೇಳಿಕೊಳ್ಳುತ್ತಿದೆ?

ಕೋಡ್ ಓದುವ ಮೊದಲು ಕಮಿಟ್ ಸಂದೇಶ ಓದಿ. ಅದರಲ್ಲಿ ‘ವರ್ತನೆಯಲ್ಲಿ ಯಾವ ಬದಲಾವಣೆಯೂ ಇಲ್ಲ’ ಎಂಬ ಅರ್ಥದ ಸಾಲು ಇದೆಯಾ ನೋಡಿ. ಇದ್ದರೆ ನಿಮ್ಮ ಕೆಲಸ ಸ್ಪಷ್ಟವಾಯಿತು. ಆ ಒಂದು ಸಾಲು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದೇ ರಿವ್ಯೂ. ಇಲ್ಲದಿದ್ದರೆ, ಏನು ಬದಲಾಗುತ್ತಿದೆ ಎಂದು ಬರೆದವರನ್ನೇ ಕೇಳಿ.

ಒಂದೇ ಪ್ಯಾಚ್‌ನಲ್ಲಿ ಕೋಡ್ ಜಾಗ ಬದಲಿಸುವುದೂ ಅದರ ವರ್ತನೆ ಬದಲಿಸುವುದೂ ಸೇರಿಕೊಂಡಿದ್ದರೆ ಮುಂದೆ ಹೋಗಬೇಡಿ. ಎರಡಾಗಿ ಒಡೆದು ಕಳಿಸಿ ಎಂದು ಕೇಳಿ. ಇದು ಸಣ್ಣತನ ಅಲ್ಲ. ಮುಂದೊಂದು ದಿನ ಯಾರೋ ಗಿಟ್ ಬೈಸೆಕ್ಟ್ ಮಾಡಿ (ತಪ್ಪು ತಂದ ಕಮಿಟ್ ಹುಡುಕುತ್ತಾ) ಇದೇ ಕಮಿಟ್‌ಗೆ ಬಂದು ನಿಂತಾಗ, 40 ಸಾಲಿನ ಪ್ಯಾಚ್ ಸಿಕ್ಕರೆ ಒಂದು ಗಂಟೆಯಲ್ಲಿ ಕಾರಣ ಗೊತ್ತಾಗುತ್ತದೆ. 900 ಸಾಲಿನದು ಸಿಕ್ಕರೆ ವಾರವೇ ಹೋಗುತ್ತದೆ.

ಬರೀ ಜಾಗ ಬದಲಾದ ಸಾಲುಗಳನ್ನು ಕಣ್ಣಿನಿಂದ ಹೋಲಿಸುತ್ತಾ ಕೂರಬೇಡಿ. 2017ರಲ್ಲಿ ಗಿಟ್ 2.15ರ ಜೊತೆ ಕಲರ್-ಮೂವ್ಡ್ ಎಂಬ ಆಯ್ಕೆ ಬಂತು. ಗಿಟ್ ಡಿಫ್ ಅಥವಾ ಗಿಟ್ ಶೋ ಜೊತೆ ಅದನ್ನು ಬಳಸಿದರೆ, ಹಾಗ್ಹಾಗೇ ಬೇರೆ ಕಡೆಗೆ ಹೋದ ಸಾಲುಗಳು ಬೇರೆ ಬಣ್ಣದಲ್ಲಿ ಕಾಣುತ್ತವೆ. ಆ ಬಣ್ಣ ಇಲ್ಲದ ಸಾಲುಗಳೇ ನಿಜವಾಗಿ ಬದಲಾದವು. ಅಲ್ಲಿ ಗಮನ ಕೊಡಿ.

ಹಳೆಯ ಹಾದಿಯನ್ನು ಕಾಗದದ ಮೇಲೆ ಬರೆಯಿರಿ

ಈ ಹೆಜ್ಜೆಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಪ್ಯಾಚ್ ಹಾಕುವ ಮೊದಲಿನ ಕೋಡ್ ತೆರೆಯಿರಿ. ಪ್ರೋಗ್ರಾಮ್ ಎಂಮ್ಯಾಪ್ ಕರೆದ ಕ್ಷಣದಿಂದ ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ, ಪ್ರತಿಯೊಂದೂ ವಿಎಂಎ ಮೇಲೆ ಏನು ಬರೆಯುತ್ತದೆ ಎಂದು ಒಂದರ ಕೆಳಗೆ ಒಂದು ಬರೆಯಿರಿ. ವಿಎಂಎ ಅಂದರೆ ಪ್ರೋಗ್ರಾಮಿನ ವಿಳಾಸಗಳ ಒಂದು ತುಂಡನ್ನು ವಿವರಿಸುವ ಕರ್ನಲ್ ದಾಖಲೆ. ಆಮೇಲೆ ಪಕ್ಕದಲ್ಲಿ ಹೊಸ ಹಾದಿಯನ್ನೂ ಅದೇ ರೀತಿ ಬರೆಯಿರಿ. ಎಡಗಡೆ ಇದ್ದು ಬಲಗಡೆ ಇಲ್ಲದ ಪ್ರತಿ ಸಾಲೂ ಒಂದು ಪ್ರಶ್ನೆ.

ಎಂಎಸ್‌ಎಂ ವಿಷಯದಲ್ಲಿ ಇದನ್ನು ಮಾಡಿ ನೋಡೋಣ. ಹಳೆಯ ಹಾದಿ ಹೀಗಿತ್ತು. ಡ್ರೈವರ್ ಮೊದಲು ಡಿಆರ್‌ಎಂನ ಎಂಮ್ಯಾಪ್ ಹೆಲ್ಪರ್ ಕರೆಯುತ್ತಿತ್ತು. ಬಫರ್‌ಗೆ ತನ್ನದೇ ಆದ ಎಂಮ್ಯಾಪ್ ಫಂಕ್ಷನ್ ಇಲ್ಲದ್ದರಿಂದ ಹೆಲ್ಪರ್ ತನ್ನ ಡೀಫಾಲ್ಟ್ ಕೆಲಸ ಮಾಡುತ್ತಿತ್ತು. ಅಂದರೆ ವಿಎಂಎ ಮೇಲೆ ನಾಲ್ಕು ಫ್ಲ್ಯಾಗ್ ಹಾಕುತ್ತಿತ್ತು: ವಿಎಂ-ಐಒ (ಇದು ಡಿವೈಸ್ ಮೆಮೊರಿ), ವಿಎಂ-ಪಿಎಫ್‌ಎನ್‌ಮ್ಯಾಪ್ (ಬರೀ ಪುಟದ ನಂಬರ್ ಮೇಲೆ ನಿಂತ ಮ್ಯಾಪ್), ವಿಎಂ-ಡೋಂಟ್‌ಎಕ್ಸ್‌ಪ್ಯಾಂಡ್ (ಹಿಗ್ಗಿಸಬೇಡ), ವಿಎಂ-ಡೋಂಟ್‌ಡಂಪ್ (ಕೋರ್ ಡಂಪ್‌ಗೆ ಬರೆಯಬೇಡ). ಅದಾದ ಮೇಲೆ ಡ್ರೈವರ್ ಬಂದು ಪಿಎಫ್‌ಎನ್‌ಮ್ಯಾಪ್ ತೆಗೆದು ಮಿಕ್ಸ್ಡ್‌ಮ್ಯಾಪ್ ಹಾಕುತ್ತಿತ್ತು. ಉಳಿದ ಮೂರು ಹಾಗೇ ಇರುತ್ತಿದ್ದವು.

ಹೊಸ ಹಾದಿಯಲ್ಲಿ ಬಫರ್‌ಗೆ ಸ್ವಂತ ಎಂಮ್ಯಾಪ್ ಫಂಕ್ಷನ್ ಬಂತು. ಅದು ಇರುವಾಗ ಹೆಲ್ಪರ್ ಡೀಫಾಲ್ಟ್ ಕೆಲಸಕ್ಕೆ ಹೋಗುವುದೇ ಇಲ್ಲ. ನಾಲ್ಕು ಫ್ಲ್ಯಾಗ್ ಹಾಕುವ ಸಾಲು ಹೆಲ್ಪರ್ ಫೈಲಿನಲ್ಲಿ ಮೊದಲಿನ ಹಾಗೇ ಇದೆ. ಅದನ್ನು ಯಾರೂ ಮುಟ್ಟಿಲ್ಲ. ಆದರೆ ಈ ಡ್ರೈವರ್‌ಗೆ ಅದು ಇನ್ನು ಓಡುವುದಿಲ್ಲ. ಡಿಫ್‌ನಲ್ಲಿ ಒಂದು ಕೆಂಪು (ಅಳಿಸಿದ) ಸಾಲೂ ಇಲ್ಲದೆ ವಿಎಂ-ಐಒ ಮತ್ತು ವಿಎಂ-ಡೋಂಟ್‌ಡಂಪ್ ಮಾಯವಾದವು.

ಮೂರನೆಯದಾದ ಡೋಂಟ್‌ಎಕ್ಸ್‌ಪ್ಯಾಂಡ್ ಯಾಕೆ ಉಳಿಯಿತು ಗೊತ್ತಾ? ಹೆಲ್ಪರ್ ಒಳಗೆ ಅದೊಂದಕ್ಕೆ ಮಾತ್ರ ತಪಾಸಣೆ ಇದೆ. ಡ್ರೈವರ್‌ನ ಫಂಕ್ಷನ್ ಮುಗಿದ ಮೇಲೆ ಆ ಫ್ಲ್ಯಾಗ್ ಇಲ್ಲದಿದ್ದರೆ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಬೀಳುತ್ತದೆ. ಉಳಿದವಕ್ಕೆ ಅಂಥ ಕಾವಲಿಲ್ಲ. ಕಾವಲಿಲ್ಲದ ಕಡೆಯೇ ರಿವ್ಯೂ ಮಾಡುವವರ ಕಣ್ಣು ಬೇಕಾಗುವುದು.

ಈಗ ಕ್ರ್ಯಾಶ್ ಯಾಕಾಯಿತು ಎನ್ನುವುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಕೋರ್ ಡಂಪ್ ಕೋಡ್ ಪ್ರತಿ ವಿಎಂಎ ನೋಡಿ ಇದನ್ನು ಬರೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಡೋಂಟ್‌ಡಂಪ್ ಇದ್ದರೆ ಬಿಡುತ್ತದೆ. ಐಒ ಇದ್ದರೂ ಬಿಡುತ್ತದೆ. ಎರಡೂ ಇಲ್ಲದ್ದರಿಂದ ಇದು ಮಾಮೂಲಿ ಮೆಮೊರಿ ಎಂದುಕೊಂಡು ಗ್ರಾಫಿಕ್ಸ್ ಬಫರ್‌ಗೇ ಕೈ ಹಾಕಿತು. ಪ್ರೋಗ್ರಾಮ್ ಸಿಗ್ನಲ್ ಬಂದು ಸಾಯುವಾಗ ಮಾತ್ರ ಈ ಹಾದಿ ಓಡುತ್ತದೆ. ದಿನವಿಡೀ ಆಟ ಆಡಿದರೂ ತೊಂದರೆ ಕಾಣುವುದಿಲ್ಲ. ತಿದ್ದುಪಡಿ ಬಂದಾಗ ಅದು ಆ ಎರಡು ಫ್ಲ್ಯಾಗ್‌ಗಳನ್ನು ವಾಪಸ್ ಹಾಕಿತು, ಅಷ್ಟೇ.

ಇನ್ನೊಂದು ಮಾತು. 2023ರಲ್ಲಿ ಬಂದ 6.3ರಿಂದ ವಿಎಂಎ ಫ್ಲ್ಯಾಗ್‌ಗಳನ್ನು ನೇರವಾಗಿ ಬದಲಿಸಲು ಬಿಡುವುದಿಲ್ಲ. ಸೆಟ್, ಕ್ಲಿಯರ್, ಮಾಡ್ ಎಂಬ ಫಂಕ್ಷನ್‌ಗಳ ಮೂಲಕವೇ ಹೋಗಬೇಕು. ಹಳೆಯ ಶಾಖೆಯಿಂದ ಹೊಸದಕ್ಕೆ ತಂದ ಪ್ಯಾಚ್ ಆದರೆ, ಬದಲಿಸಿದವರು ಸೆಟ್ ಹಾಕಬೇಕಾದ ಕಡೆ ಇನಿಟ್ ಫಂಕ್ಷನ್ ಹಾಕಿದ್ದಾರಾ ನೋಡಿ. ಇನಿಟ್ ಹಾಕಿದರೆ ಮೊದಲಿದ್ದ ಫ್ಲ್ಯಾಗ್‌ಗಳೆಲ್ಲ ಅಳಿಸಿಹೋಗುತ್ತವೆ.

ಕಾಗದ ನಂಬಬೇಡಿ, ಎಸ್‌ಮ್ಯಾಪ್ಸ್ ನೋಡಿ

ಕೋಡ್ ಓದಿ ಬರೆದ ಪಟ್ಟಿ ಸರಿಯಾಗಿದೆಯಾ ಎಂದು ಕರ್ನಲ್‌ನನ್ನೇ ಕೇಳಬಹುದು. ಒಂದು ಸಣ್ಣ ಪ್ರೋಗ್ರಾಮ್ ಬರೆಯಿರಿ. ಬಫರ್ ಮಾಡಲಿ, ಮ್ಯಾಪ್ ಮಾಡಲಿ, ಸುಮ್ನೆ ಕಾಯುತ್ತಾ ಕೂರಲಿ. ಅದರ ಪಿಐಡಿ ಹಿಡಿದು ಪ್ರೋಕ್ ಫೋಲ್ಡರ್ ಒಳಗಿನ ಎಸ್‌ಮ್ಯಾಪ್ಸ್ ಫೈಲ್ ತೆರೆಯಿರಿ. ಗ್ರಾಫಿಕ್ಸ್ ಡಿವೈಸ್ ಹೆಸರಿರುವ ಭಾಗದ ಕೊನೆಯಲ್ಲಿ ವಿಎಂಫ್ಲ್ಯಾಗ್ಸ್ ಎಂಬ ಸಾಲಿರುತ್ತದೆ. ಎರಡೆರಡು ಅಕ್ಷರದ ಗುರುತುಗಳು. ‘ಐಒ’ ಇದ್ದರೆ ವಿಎಂ-ಐಒ. ‘ಪಿಎಫ್’ ಇದ್ದರೆ ಪಿಎಫ್‌ಎನ್‌ಮ್ಯಾಪ್. ‘ಎಂಎಂ’ ಮಿಕ್ಸ್ಡ್‌ಮ್ಯಾಪ್. ‘ಡಿಇ’ ಡೋಂಟ್‌ಎಕ್ಸ್‌ಪ್ಯಾಂಡ್. ‘ಡಿಡಿ’ ಡೋಂಟ್‌ಡಂಪ್.

ಪ್ಯಾಚ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಈ ಸಾಲನ್ನು ಬರೆದಿಟ್ಟುಕೊಳ್ಳಿ. ಎರಡೂ ಒಂದೇ ಆಗಿರಬೇಕು. ಬೇರೆ ಆಗಿದ್ದರೆ ಕಮಿಟ್ ಸಂದೇಶದಲ್ಲಿ ಕಾರಣ ಇರಬೇಕು. ಇದಕ್ಕೆ ಹಿಡಿಯುವುದು ಐದು ನಿಮಿಷ. ಎಂಎಸ್‌ಎಂ ತಪ್ಪನ್ನು ಈ ಒಂದು ಸಾಲೇ ತೋರಿಸಿಕೊಡುತ್ತಿತ್ತು. ಯಾವ ರಿವ್ಯೂನಲ್ಲೂ ನಾನು ಇದನ್ನು ಬಿಡುವುದಿಲ್ಲ, ನೀವೂ ಬಿಡಬೇಡಿ.

ಅಳತೆಯ ಲೆಕ್ಕ

ಮುಂದಿನದು ಗಣಿತ. ಪ್ರೋಗ್ರಾಮ್ ಕೇಳಿದ ಅಳತೆ ಬಫರ್‌ಗಿಂತ ದೊಡ್ಡದಿದ್ದರೆ ಬೇಡ ಅನ್ನಬೇಕು. ಡಿಆರ್‌ಎಂ ಹೆಲ್ಪರ್ ಇದನ್ನು ನೋಡಿಕೊಳ್ಳುತ್ತದೆ. ಆದರೆ ರಿಫ್ಯಾಕ್ಟರ್‌ನಲ್ಲಿ ಯಾರಾದರೂ ಹೆಲ್ಪರ್ ತಪ್ಪಿಸಿ ನೇರ ಹಾದಿ ಮಾಡಿಕೊಂಡರೆ ತಪಾಸಣೆಯೂ ತಪ್ಪಿಹೋಗುತ್ತದೆ.

ಇದು ಎಷ್ಟು ದೊಡ್ಡ ವಿಷಯ ಎನ್ನುವುದಕ್ಕೆ ಯುಡಿಎಲ್ ಡ್ರೈವರ್ ನೋಡಿ. ಯುಎಸ್‌ಬಿ ಮೂಲಕ ಮಾನಿಟರ್ ಜೋಡಿಸುವ ಡಿಸ್‌ಪ್ಲೇಲಿಂಕ್ ಸಾಧನಗಳದ್ದು ಅದು. ಅದರ ಎಂಮ್ಯಾಪ್ ಫಂಕ್ಷನ್ ಆಫ್‌ಸೆಟ್‌ಗೆ ಅಳತೆ ಕೂಡಿಸಿ, ಮೊತ್ತ ಒಟ್ಟು ಮೆಮೊರಿಗಿಂತ ಜಾಸ್ತಿಯಾ ಎಂದು ನೋಡುತ್ತಿತ್ತು. ನೋಡಲು ಸರಿಯೇ ಇದೆ, ಅಲ್ವಾ? ಆದರೆ ಆಫ್‌ಸೆಟ್ ತುಂಬಾ ದೊಡ್ಡದಿದ್ದರೆ ಕೂಡಿದ ಮೊತ್ತ ಓವರ್‌ಫ್ಲೋ ಆಗಿ ಸಣ್ಣ ಸಂಖ್ಯೆಯಾಗುತ್ತದೆ. ತಪಾಸಣೆ ಪಾಸು. ಆ ಡಿವೈಸ್ ತೆರೆಯಬಲ್ಲ ಯಾರು ಬೇಕಾದರೂ ಕರ್ನಲ್‌ನ ಮೆಮೊರಿ ಪುಟಗಳನ್ನು ಓದಬಹುದಿತ್ತು, ಬರೆಯಬಹುದಿತ್ತು. 3.4ರಿಂದ 4.15ರವರೆಗಿನ ಕರ್ನಲ್‌ಗಳಲ್ಲಿ ಇದು ಇತ್ತು. 2018ರಲ್ಲಿ ಸರಿಮಾಡಿದರು. ಸರಿಯಾದ ಕ್ರಮ ಕೂಡಿಸುವುದಲ್ಲ, ಕಳೆಯುವುದು. ಮೊದಲು ಆಫ್‌ಸೆಟ್ ಒಟ್ಟು ಅಳತೆಯ ಒಳಗಿದೆಯಾ ನೋಡಿ. ಆಮೇಲೆ ಒಟ್ಟು ಅಳತೆಯಿಂದ ಆಫ್‌ಸೆಟ್ ಕಳೆದು, ಉಳಿದದ್ದರಲ್ಲಿ ಕೇಳಿದ ಅಳತೆ ಹಿಡಿಯುತ್ತದಾ ನೋಡಿ. ಹಾಗೆ ಮಾಡಿದರೆ ಓವರ್‌ಫ್ಲೋಗೆ ಜಾಗವೇ ಇಲ್ಲ.

2024ರಲ್ಲಿ ಇಂಟೆಲ್‌ನ ಐ915 ಡ್ರೈವರ್‌ನಲ್ಲೂ ಇದರ ನೆಂಟನಂಥ ತಪ್ಪು ಸಿಕ್ಕಿತು. ಬಫರ್‌ನ ಒಂದು ಭಾಗವನ್ನಷ್ಟೇ ಮ್ಯಾಪ್ ಮಾಡುವಾಗ, ಕೇಳಿದ ಅಳತೆ ಮತ್ತು ಇರುವ ಅಳತೆ ಇವೆರಡರಲ್ಲಿ ಸಣ್ಣದನ್ನು ತೆಗೆದುಕೊಳ್ಳುತ್ತಿದ್ದರು. ಆ ಭಾಗ ಎಲ್ಲಿಂದ ಶುರುವಾಗುತ್ತದೆ ಎನ್ನುವುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಮ್ಯಾಪ್ ತನ್ನ ಗಡಿ ದಾಟುತ್ತಿತ್ತು. ನೀವು ನೋಡುತ್ತಿರುವ ಪ್ಯಾಚ್‌ನಲ್ಲಿ ‘ಎರಡರಲ್ಲಿ ಸಣ್ಣದು’ ಎಂಬ ಲೆಕ್ಕ ಕಂಡರೆ ಅಲ್ಲೇ ನಿಲ್ಲಿ. ಆಫ್‌ಸೆಟ್ ಸೊನ್ನೆ ಇದ್ದಾಗ ಒಮ್ಮೆ, ಮಧ್ಯದಲ್ಲಿದ್ದಾಗ ಒಮ್ಮೆ, ಕೊನೆಯ ಪುಟದಲ್ಲಿದ್ದಾಗ ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ.

ಟೋಕನ್ ಎಲ್ಲಿ ಹರಿಯುತ್ತದೆ?

ಮತ್ತೆ ಚಪ್ಪಲಿ ಟೋಕನ್‌ಗೆ ಬರೋಣ. ಬಫರ್ ಸಿಕ್ಕಿದ ಮೇಲೆ ಟೋಕನ್ ನಂಬರ್ ಏನಾಗುತ್ತದೆ? ಅದು ವಿಎಂಎಯ ಪೇಜ್ ಆಫ್‌ಸೆಟ್‌ನಲ್ಲೇ ಉಳಿದಿರುತ್ತದೆ. ಕೆಲವು ಡ್ರೈವರ್‌ಗಳು ಎಂಮ್ಯಾಪ್ ಸಮಯದಲ್ಲೇ ಅದನ್ನು ಕಳೆದು ಸೊನ್ನೆಯಿಂದ ಶುರುವಾಗುವಂತೆ ಮಾಡುತ್ತವೆ. ಕೆಲವು ಹಾಗೇ ಬಿಡುತ್ತವೆ. ಎರಡೂ ಸರಿಯಾದ ದಾರಿಗಳೇ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಧ ದಾರಿ ಹೋಗಿ ನಿಂತರೆ ಮಾತ್ರ ಕಷ್ಟ.

ಪೇಜ್ ಫಾಲ್ಟ್ ಬಂದಾಗ, ಅಂದರೆ ಇನ್ನೂ ಪುಟ ಜೋಡಿಸದ ವಿಳಾಸವನ್ನು ಪ್ರೋಗ್ರಾಮ್ ಮುಟ್ಟಿದಾಗ, ಬಫರ್‌ನ ಎಷ್ಟನೇ ಪುಟ ಬೇಕು ಎಂದು ಲೆಕ್ಕ ಹಾಕಬೇಕು. ಟೋಕನ್ ಕಳೆದಿದ್ದರೆ ಫಾಲ್ಟ್ ಜೊತೆ ಬರುವ ಪೇಜ್ ಆಫ್‌ಸೆಟ್ಟೇ ಸಾಕು. ಟೋಕನ್ ಇನ್ನೂ ಇದ್ದರೆ ಅದು ತುಂಬಾ ದೊಡ್ಡ ಸಂಖ್ಯೆ. ಹಾಗೇ ಬಳಸಿದರೆ ಬಫರ್‌ನ ಆಚೆಗೆ ಎಲ್ಲೋ ಕೈ ಹೋಗುತ್ತದೆ. ಅದಕ್ಕೇ ಕೆಲವರು ಫಾಲ್ಟ್ ಆದ ವಿಳಾಸದಿಂದ ವಿಎಂಎಯ ಆರಂಭದ ವಿಳಾಸ ಕಳೆಯುತ್ತಾರೆ. ಸಾಮಾನ್ಯವಾಗಿ ಉತ್ತರ ಸರಿ ಬರುತ್ತದೆ. ಆದರೆ ಪ್ರೋಗ್ರಾಮ್ ಮ್ಯಾಪ್‌ನ ಮಧ್ಯದ ಒಂದು ತುಂಡನ್ನು ಅನ್‌ಮ್ಯಾಪ್ ಮಾಡಿತು ಅಂದುಕೊಳ್ಳಿ. ಆಗ ವಿಎಂಎ ಎರಡು ಹೋಳಾಗುತ್ತದೆ. ಎರಡನೇ ಹೋಳಿನ ಆರಂಭದ ವಿಳಾಸವೇ ಬೇರೆ. ಅದನ್ನು ಕಳೆದರೆ ಬಫರ್‌ನ ಮೊದಲ ಪುಟ ಸಿಗುತ್ತದೆ, ಬೇಕಾಗಿದ್ದ ಪುಟ ಸಿಗುವುದಿಲ್ಲ. ಕ್ರ್ಯಾಶ್ ಆಗುವುದಿಲ್ಲ, ಲಾಗ್‌ನಲ್ಲಿ ಏನೂ ಬರುವುದಿಲ್ಲ, ಚಿತ್ರ ಮಾತ್ರ ಕೆಡುತ್ತದೆ. ಟಿಟಿಎಂ ಎಂಬ ಡಿಆರ್‌ಎಂನ ಇನ್ನೊಂದು ಬಫರ್ ವ್ಯವಸ್ಥೆ ಬಳಸುವ ಸೂತ್ರ ಎರಡೂ ಸಂದರ್ಭಕ್ಕೆ ಒಗ್ಗುತ್ತದೆ: ವಿಳಾಸದಿಂದ ವಿಎಂಎಯ ಆರಂಭ ಕಳೆದು ಪುಟಗಳ ಲೆಕ್ಕಕ್ಕೆ ತಂದು, ಅದಕ್ಕೆ ವಿಎಂಎಯ ಪೇಜ್ ಆಫ್‌ಸೆಟ್ ಕೂಡಿಸಿ, ಬಫರ್‌ನ ಟೋಕನ್ ಕಳೆಯುವುದು. ಹೋಳಾದರೆ ಕರ್ನಲ್ ಪೇಜ್ ಆಫ್‌ಸೆಟ್ಟನ್ನು ಸರಿಹೊಂದಿಸುವುದರಿಂದ ಲೆಕ್ಕ ತಪ್ಪುವುದಿಲ್ಲ.

ಹಾಗಾದರೆ ಎಲ್ಲರೂ ಮೊದಲೇ ಟೋಕನ್ ಕಳೆದುಬಿಟ್ಟರೆ ಸುಲಭ ಅಲ್ವಾ ಎಂದು ಕೇಳಬಹುದು. ಅಲ್ಲೊಂದು ಬೆಲೆ ಇದೆ. ಬಫರ್ ಒಂದು ಮೆಮೊರಿಯಿಂದ ಇನ್ನೊಂದಕ್ಕೆ ಹೋಗುವಾಗ, ಉದಾಹರಣೆಗೆ ಗ್ರಾಫಿಕ್ಸ್ ಕಾರ್ಡ್‌ನಿಂದ ರ್‍ಯಾಮ್‌ಗೆ, ಡ್ರೈವರ್ ಹಳೆಯ ಮ್ಯಾಪ್‌ಗಳನ್ನೆಲ್ಲ ಕಿತ್ತುಹಾಕಬೇಕು. ಯಾವ ಮ್ಯಾಪ್ ಈ ಬಫರ್‌ನದು ಎಂದು ಕರ್ನಲ್ ಹುಡುಕುವುದು ಪೇಜ್ ಆಫ್‌ಸೆಟ್‌ನಿಂದಲೇ, ಅಂದರೆ ಟೋಕನ್‌ನಿಂದಲೇ. ಟೋಕನ್ ಅಳಿಸಿದ ಮ್ಯಾಪ್ ಈ ಹುಡುಕಾಟಕ್ಕೆ ಸಿಗುವುದಿಲ್ಲ. ಪ್ರೋಗ್ರಾಮ್ ಹಳೆಯ ಪುಟಕ್ಕೇ ಬರೆಯುತ್ತಾ ಇರುತ್ತದೆ. ಆ ಪುಟ ಅಷ್ಟರಲ್ಲಿ ಬೇರೆ ಯಾರದ್ದೋ ಆಗಿರುತ್ತದೆ. ಹೀಗಾಗಿ ಪ್ಯಾಚ್‌ನಲ್ಲಿ ಟೋಕನ್ ಕಳೆಯುವ ಸಾಲು ಹೊಸದಾಗಿ ಕಂಡರೆ ಕೇಳಬೇಕಾದ ಪ್ರಶ್ನೆ ಇದು: ಈ ಡ್ರೈವರ್ ಬಫರ್‌ಗಳನ್ನು ಜಾಗ ಬದಲಿಸುತ್ತದಾ?

ಎರಡನೇ ಬಾಗಿಲನ್ನೂ ಮರೆಯಬೇಡಿ. ಬಫರ್‌ಗಳನ್ನು ಡಿಎಂಎ-ಬಫ್ ಆಗಿ ಬೇರೆ ಡ್ರೈವರ್ ಜೊತೆ, ಕ್ಯಾಮೆರಾ ಅಥವಾ ವಿಡಿಯೊ ಡಿಕೋಡರ್ ಜೊತೆ, ಹಂಚಿಕೊಳ್ಳಬಹುದು. 2012ರಿಂದ ಈ ವ್ಯವಸ್ಥೆ ಇದೆ. ಡಿಎಂಎ-ಬಫ್ ಫೈಲಿನ ಮೇಲೂ ಎಂಮ್ಯಾಪ್ ಕರೆಯಬಹುದು. ಆ ಬಾಗಿಲಿನಿಂದ ಬಂದವರ ಕೈಯಲ್ಲಿ ಟೋಕನ್ ಇರುವುದಿಲ್ಲ, ಆಫ್‌ಸೆಟ್ ಸೊನ್ನೆಯಿಂದ ಶುರುವಾಗುತ್ತದೆ. ಒಂದು ಬಾಗಿಲಲ್ಲಿ ಕಳೆದು ಇನ್ನೊಂದರಲ್ಲಿ ಕೂಡಿಸದಿದ್ದರೆ ಸಂಖ್ಯೆ ಸೊನ್ನೆಗಿಂತ ಕೆಳಗಿಳಿದು, ಸುತ್ತಿ ಬಂದು, ಭಾರೀ ದೊಡ್ಡದಾಗುತ್ತದೆ. ಬಫರ್‌ಗೆ ಎಂಮ್ಯಾಪ್ ಫಂಕ್ಷನ್ ಕೊಡುವ ಪದ್ಧತಿ 2019ರಲ್ಲಿ ಶುರುವಾದಾಗಲೇ ಇದೇ ಟೋಕನ್ ಲೆಕ್ಕಕ್ಕೆ ಪ್ರತ್ಯೇಕ ತಿದ್ದುಪಡಿ ಬೇಕಾಯಿತು. ಕಾಗದದ ಮೇಲೆ ಹಾದಿ ಬರೆಯುವಾಗ ಎರಡೂ ಬಾಗಿಲಿಗೆ ಬೇರೆ ಬೇರೆ ಬರೆಯಿರಿ.

ರೆಫರೆನ್ಸ್ ಲೆಕ್ಕ

ಮ್ಯಾಪ್ ಇರುವವರೆಗೆ ಬಫರ್ ಬದುಕಿರಬೇಕು. ಪ್ರೋಗ್ರಾಮ್ ಹ್ಯಾಂಡಲ್ ಮುಚ್ಚಿದರೂ ಸರಿ. ಅದಕ್ಕಾಗಿ ಎಂಮ್ಯಾಪ್ ಒಂದು ರೆಫರೆನ್ಸ್ ಹಿಡಿಯುತ್ತದೆ, ವಿಎಂಎ ಮುಚ್ಚುವಾಗ ಕ್ಲೋಸ್ ಫಂಕ್ಷನ್ ಅದನ್ನು ಬಿಡುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ವಿಎಂಎಗೆ ಓಪನ್ ಎಂಬ ಫಂಕ್ಷನ್ ಇರುವುದರಿಂದ ಮೊದಲ ಎಂಮ್ಯಾಪ್‌ನಲ್ಲೇ ಅದು ಓಡುತ್ತದೆ ಎಂದುಕೊಳ್ಳುತ್ತಾರೆ. ಓಡುವುದಿಲ್ಲ. ಫೋರ್ಕ್ ಆದಾಗ, ವಿಎಂಎ ಹೋಳಾದಾಗ, ಮ್ಯಾಪ್ ಬೇರೆ ವಿಳಾಸಕ್ಕೆ ಹೋದಾಗ ಮಾತ್ರ ಓಡುತ್ತದೆ. ಮೊದಲನೆಯ ರೆಫರೆನ್ಸ್ ಎಂಮ್ಯಾಪ್ ಫಂಕ್ಷನ್ನೇ ಹಿಡಿಯಬೇಕು. ಕ್ಲೋಸ್ ಮಾತ್ರ ಪ್ರತಿ ವಿಎಂಎಗೂ ಓಡುತ್ತದೆ. ಓಪನ್‌ನಲ್ಲಿ ಹಿಡಿಯುತ್ತೇವೆ, ಕ್ಲೋಸ್‌ನಲ್ಲಿ ಬಿಡುತ್ತೇವೆ, ಲೆಕ್ಕ ಸಮ ಎಂದು ಯಾರಾದರೂ ಸರಳ ಮಾಡಿದರೆ ಒಂದು ರೆಫರೆನ್ಸ್ ಕಡಿಮೆ ಬೀಳುತ್ತದೆ.

ಆಮೇಲೆ ಎರರ್ ಹಾದಿಗಳು. ಪ್ರತಿ ‘ಗೋಟು’ ಮುಂದೆ ನಿಂತು ಕೇಳಿ: ಈ ಕ್ಷಣದಲ್ಲಿ ಯಾರ ಕೈಯಲ್ಲಿ ಎಷ್ಟು ರೆಫರೆನ್ಸ್ ಇದೆ? ಯಾರು ಬಿಡಬೇಕು? ಮಾಮೂಲಿ ರ್‍ಯಾಮ್ ಪುಟಗಳಿಂದ ಬಫರ್ ಕಟ್ಟುವ ಶ್‌ಮೆಮ್ ಹೆಲ್ಪರ್‌ನಲ್ಲಿ ಪುಟಗಳು ಸಿಗದೆ ಎಂಮ್ಯಾಪ್ ಸೋತಾಗ, ತಾನು ಹಿಡಿಯದ ರೆಫರೆನ್ಸನ್ನು ಆ ಫಂಕ್ಷನ್ ಬಿಟ್ಟುಬಿಡುತ್ತಿತ್ತು. ಅದನ್ನು ಕರೆದಿದ್ದ ಫಂಕ್ಷನ್ ಕೂಡ ಎರರ್ ನೋಡಿ ಬಿಡುತ್ತಿತ್ತು. ಒಂದೇ ರೆಫರೆನ್ಸ್ ಎರಡು ಸಲ ಬಿಟ್ಟರೆ ಬಫರ್ ಅವಧಿಗೆ ಮುಂಚೆ ಸಾಯುತ್ತದೆ. 2022ರ ಕೊನೆಯಲ್ಲಿ ಈ ತಪ್ಪಿಗೆ ತಿದ್ದುಪಡಿ ಬಂತು. ಮೆಮೊರಿ ಖಾಲಿಯಾದಾಗ ಮಾತ್ರ ಓಡುವ ಹಾದಿಗಳನ್ನು ಯಾವ ಮಾಮೂಲಿ ಟೆಸ್ಟೂ ಮುಟ್ಟುವುದಿಲ್ಲ. ಓದಿಯೇ ಹಿಡಿಯಬೇಕು.

ಬಫರ್ ಹುಡುಕುವ ಕೋಡ್ ಬದಲಾಗಿದ್ದರೆ ಇನ್ನೊಂದು ನೋಡಿ. ಹುಡುಕುವ ಹೊತ್ತಿಗೆ ಬಫರ್‌ನ ಲೆಕ್ಕ ಸೊನ್ನೆಯಾಗಿ, ಬೇರೆ ಥ್ರೆಡ್ ಅದನ್ನು ಅಳಿಸುತ್ತಿರಬಹುದು. ಅದಕ್ಕೇ ಅಲ್ಲಿ ‘ಸೊನ್ನೆ ಅಲ್ಲದಿದ್ದರೆ ಮಾತ್ರ ಹಿಡಿ’ ಎಂಬ ಬಗೆಯ ಫಂಕ್ಷನ್ ಇದೆ. ಅದನ್ನು ಮಾಮೂಲಿ ಹಿಡಿಯುವ ಫಂಕ್ಷನ್‌ಗೆ ಬದಲಿಸಿದ್ದರೆ ಒಪ್ಪಬೇಡಿ. ಹಕ್ಕಿದೆಯಾ ಎಂದು ನೋಡುವ ಸಾಲೂ ಉಳಿದಿದೆಯಾ ನೋಡಿಕೊಳ್ಳಿ. ಅದಿಲ್ಲದಿದ್ದರೆ ಟೋಕನ್ ನಂಬರ್ ಊಹಿಸಿದವರಿಗೆಲ್ಲ ಬೇರೆಯವರ ಚಿತ್ರ ಸಿಗುತ್ತದೆ.

ಲಾಕ್ ಕ್ರಮ

ಎಂಮ್ಯಾಪ್ ಫಂಕ್ಷನ್ ಓಡುವಾಗ ಪ್ರೋಗ್ರಾಮಿನ ಎಂಮ್ಯಾಪ್ ಲಾಕ್ ಹಿಡಿದಿರುತ್ತಾರೆ. ಹಳೆಯ ಕೋಡ್‌ನಲ್ಲಿ ಇದರ ಹೆಸರು ಎಂಮ್ಯಾಪ್ ಸೆಮ್, 2020ರ 5.8ರಲ್ಲಿ ಬದಲಾಯಿತು. ಫಾಲ್ಟ್ ಹ್ಯಾಂಡ್ಲರ್ ಆ ಲಾಕ್‌ನ ಒಳಗೆ ಬಫರ್‌ನ ರಿಸರ್ವೇಶನ್ ಲಾಕ್ ಹಿಡಿಯುತ್ತದೆ. ಹಾಗಾಗಿ ಕ್ರಮ ಗೊತ್ತಾಗಿದೆ: ಮೊದಲು ಎಂಮ್ಯಾಪ್ ಲಾಕ್, ಆಮೇಲೆ ರಿಸರ್ವೇಶನ್ ಲಾಕ್. ಇದರಿಂದ ಹೊರಡುವ ನಿಯಮ ಒಂದೇ. ರಿಸರ್ವೇಶನ್ ಲಾಕ್ ಹಿಡಿದು ಯೂಸರ್ ಮೆಮೊರಿಯಿಂದ ಕಾಪಿ ಮಾಡಬಾರದು. ಆ ಕಾಪಿಯೇ ಫಾಲ್ಟ್ ಆದರೆ ಎಂಮ್ಯಾಪ್ ಲಾಕ್ ಬೇಕಾಗುತ್ತದೆ, ಕ್ರಮ ತಿರುಗಿಬೀಳುತ್ತದೆ. ರಿಫ್ಯಾಕ್ಟರ್‌ನಲ್ಲಿ ಲಾಕ್ ಹಿಡಿಯುವ ಸಾಲು ಎರಡು ಸಾಲು ಮೇಲಕ್ಕೆ ಹೋಗಿದ್ದರೂ ಸಾಕು ಇದು ಆಗಲಿಕ್ಕೆ. ಲಾಕ್‌ಡೆಪ್ ಎಂಬ ಲಾಕ್ ಕ್ರಮದ ತಪಾಸಣೆ ಆನ್ ಮಾಡಿದ ಕರ್ನಲ್ ಈ ಕ್ರಮವನ್ನು ಬೂಟ್ ಆಗುವಾಗಲೇ ಕಲಿತಿರುತ್ತದೆ. ತಪ್ಪಾದರೆ ತಕ್ಷಣ ಹೇಳುತ್ತದೆ. ಲಾಕ್‌ಡೆಪ್ ಇಲ್ಲದೆ ಟೆಸ್ಟ್ ಮಾಡಿದ್ದೇನೆ ಎಂದರೆ ಅರ್ಧ ಟೆಸ್ಟ್ ಮಾಡಿದ ಹಾಗೆ.

ಫಾಲ್ಟ್ ಹ್ಯಾಂಡ್ಲರ್ ಹಿಂತಿರುಗಿಸುವ ಮೌಲ್ಯ ಮಾಮೂಲಿ ಎರರ್ ಸಂಖ್ಯೆ ಅಲ್ಲ, ಅದಕ್ಕೆ ಪ್ರತ್ಯೇಕ ಟೈಪ್ ಇದೆ. ಒಳಗಿನ ಕೋಡನ್ನು ಹೊಸ ಫಂಕ್ಷನ್‌ಗೆ ಎತ್ತಿ ಹಾಕಿದಾಗ ಮೈನಸ್ ಎರರ್ ಸಂಖ್ಯೆ ನೇರವಾಗಿ ಹೊರಬಂದುಬಿಡುತ್ತದೆ. ಸ್ಪಾರ್ಸ್ ಎಂಬ ಕೋಡ್ ತಪಾಸಣೆ ಸಾಧನ ಓಡಿಸಿದರೆ ಸಿಕ್ಕಿಬೀಳುತ್ತದೆ.

ಕ್ಯಾಶ್ ವಿಷಯದಲ್ಲಿ ನೋಡಬೇಕಾದ್ದು ಕಡಿಮೆ. ಡೀಫಾಲ್ಟ್ ಹಾದಿ ಮ್ಯಾಪನ್ನು ರೈಟ್-ಕಂಬೈನ್ (ಕ್ಯಾಶ್ ಬಳಸದೆ, ಬರೆದದ್ದನ್ನು ಒಟ್ಟುಗೂಡಿಸಿ ಕಳಿಸುವ ಬಗೆ) ಮಾಡುತ್ತದೆ. ಹಳೆಯ ಡ್ರೈವರ್ ಕೆಲವು ಬಫರ್‌ಗಳನ್ನು ಕ್ಯಾಶ್ ಆಗುವಂತೆ ಮ್ಯಾಪ್ ಮಾಡುತ್ತಿದ್ದರೆ ಆ ಭೇದ ಹೊಸ ಕೋಡ್‌ನಲ್ಲೂ ಇರಬೇಕು. ಇಲ್ಲದಿದ್ದರೆ ಓದುವುದು ವಿಪರೀತ ನಿಧಾನವಾಗುತ್ತದೆ, ಅಥವಾ ಎಆರ್‌ಎಂ ಯಂತ್ರದಲ್ಲಿ ಹಳೆಯ ಡೇಟಾ ಕಾಣುತ್ತದೆ.

ಓಡಿಸಿ ನೋಡುವುದು

ಐಜಿಟಿ ಎಂಬ ಟೆಸ್ಟ್ ಸಂಗ್ರಹ ಇದೆ, ಅದರಲ್ಲಿ ಎಂಮ್ಯಾಪ್ ಮತ್ತು ಡಿಎಂಎ-ಬಫ್ ಎಂಮ್ಯಾಪ್ ಟೆಸ್ಟ್‌ಗಳಿವೆ. ಅವನ್ನು ಓಡಿಸಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಕೇಸನ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಮತ್ತು ಲಾಕ್‌ಡೆಪ್ ಎರಡೂ ಆನ್ ಇರುವ ಕರ್ನಲ್ ಕಟ್ಟಿ, ಮೊದಲೇ ಬರೆದ ಸಣ್ಣ ಪ್ರೋಗ್ರಾಮಿಗೆ ಇವನ್ನು ಸೇರಿಸಿ. ಮ್ಯಾಪ್ ಮಾಡಿ ಹ್ಯಾಂಡಲ್ ಮುಚ್ಚಿ, ಆಮೇಲೆ ಬರೆಯಿರಿ. ಮ್ಯಾಪ್ ಮಾಡಿ ಫೋರ್ಕ್ ಮಾಡಿ, ಪೇರೆಂಟ್ ಸಾಯಲಿ, ಚೈಲ್ಡ್ ಬರೆಯಲಿ. ಪ್ರತಿ ಪುಟಕ್ಕೂ ಅದರ ನಂಬರ್ ಬರೆದು, ಮಧ್ಯದ ಪುಟಗಳನ್ನು ಅನ್‌ಮ್ಯಾಪ್ ಮಾಡಿ, ಉಳಿದ ಪುಟಗಳ ನಂಬರ್ ಓದಿ. ಎಂರೀಮ್ಯಾಪ್ ಮೂಲಕ ಹಿಗ್ಗಿಸಲು ನೋಡಿ, ಎರರ್ ಬರಬೇಕು. ಬಫರ್‌ಗಿಂತ ಒಂದು ಪುಟ ಜಾಸ್ತಿ ಕೇಳಿ, ಎರರ್ ಬರಬೇಕು. ಹ್ಯಾಂಡಲ್ ಇಲ್ಲದ ಇನ್ನೊಂದು ಪ್ರೋಗ್ರಾಮಿನಿಂದ ಅದೇ ಟೋಕನ್ ಬಳಸಿ, ಅನುಮತಿ ಇಲ್ಲ ಅನ್ನಬೇಕು.

ಮ್ಯಾಪ್-ಪ್ರೈವೇಟ್ ಮತ್ತು ಬರೆಯುವ ಅನುಮತಿ ಎರಡನ್ನೂ ಒಟ್ಟಿಗೆ ಕೇಳಿ ನೋಡಿ. ಪಿಎಫ್‌ಎನ್‌ಮ್ಯಾಪ್ ಜೊತೆ ಇಂಥ ಕಾಪಿ-ಆನ್-ರೈಟ್ (ಬರೆದಾಗ ಪುಟದ ಸ್ವಂತ ನಕಲು ಮಾಡಿಕೊಳ್ಳುವ) ಮ್ಯಾಪ್ ಸೇರಬಾರದು. 2024ರಲ್ಲಿ ಶ್‌ಮೆಮ್ ಹೆಲ್ಪರ್‌ನಲ್ಲಿ ಈ ತಪಾಸಣೆ ಇಲ್ಲದ್ದು ಕಂಡುಬಂತು. ಯಾವುದೇ ಬಳಕೆದಾರರು ಒಂದು ಎಂಮ್ಯಾಪ್ ಕರೆ ಮಾಡಿ ಆ ಪುಟ ಮುಟ್ಟಿದರೆ ಇಡೀ ಕರ್ನಲ್ ಪ್ಯಾನಿಕ್ ಆಗುತ್ತಿತ್ತು. ಕೊನೆಗೆ, ಮ್ಯಾಪ್ ಇರುವಾಗಲೇ ಪ್ರೋಗ್ರಾಮ್ ಅಬಾರ್ಟ್ ಆಗಲಿ, ಕೋರ್ ಡಂಪ್ ಬರೆಯಲು ಬಿಡಿ. ಕ್ರೋಮ್‌ಬುಕ್‌ಗಳನ್ನು ಬೀಳಿಸಿದ ಹಾದಿ ಅದೇ. ಇವೆಲ್ಲವನ್ನೂ ಡಿಎಂಎ-ಬಫ್ ಬಾಗಿಲಿನಿಂದ ಇನ್ನೊಮ್ಮೆ ಮಾಡಿ.

ಏನು ಬರೆಯಬೇಕು, ಹೇಗೆ ಬರೆಯಬೇಕು

‘ಇದು ತಪ್ಪು’ ಎಂದು ಒಂದೇ ಸಾಲು ಬರೆದರೆ ಪ್ಯಾಚ್ ಬರೆದವರಿಗೆ ಏನೂ ಸಿಗುವುದಿಲ್ಲ. ಹಾದಿ ಬರೆಯಿರಿ. ಎಂಎಸ್‌ಎಂ ಪ್ಯಾಚ್‌ಗಾದರೆ ನಾನು ಹೀಗೆ ಬರೆಯುತ್ತಿದ್ದೆ: ‘ಮೊದಲು ಡೀಫಾಲ್ಟ್ ಕೋಡ್ ಓಡಿ ಐಒ, ಡೋಂಟ್‌ಡಂಪ್ ಬೀಳುತ್ತಿದ್ದವು. ಈಗ ಬಫರ್‌ಗೆ ಸ್ವಂತ ಫಂಕ್ಷನ್ ಬಂದಿರುವುದರಿಂದ ಆ ಕೋಡ್ ಓಡುವುದಿಲ್ಲ. ಎಸ್‌ಮ್ಯಾಪ್ಸ್ ಸಾಲಿನಲ್ಲೂ ಎರಡು ಗುರುತು ಕಾಣುತ್ತಿಲ್ಲ. ಬೇಕೆಂದೇ ಬಿಟ್ಟದ್ದಾ?’ ಇದರಲ್ಲಿ ಬೆರಳು ತೋರಿಸುವುದು ಇಲ್ಲ. ಬರೆದವರು ಅದೇ ದಿನ ಸರಿಮಾಡಿ ಕಳಿಸಬಹುದು.

ಎರಡನೇ ಆವೃತ್ತಿ ಬಂದಾಗ ಮೊದಲಿನಿಂದ ಓದಬೇಕಿಲ್ಲ. ಗಿಟ್ ರೇಂಜ್-ಡಿಫ್ ಹಳೆಯ ಸರಣಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಫ್ಲ್ಯಾಗ್ ಮುಟ್ಟಿದ್ದರೆ ಎಸ್‌ಮ್ಯಾಪ್ಸ್ ಮತ್ತೆ ನೋಡಿ. ಓದಿದ ಪ್ಯಾಚ್‌ಗಳಿಗೆ ಮಾತ್ರ ‘ರಿವ್ಯೂಡ್-ಬೈ’ ಕೊಡಿ. ‘ಟೆಸ್ಟೆಡ್-ಬೈ’ ಕೊಡುವುದಾದರೆ ಯಾವ ಯಂತ್ರದಲ್ಲಿ, ಯಾವ ಬಾಗಿಲಿನಿಂದ ಓಡಿಸಿದಿರಿ ಎಂದು ಪಕ್ಕದಲ್ಲೇ ಬರೆಯಿರಿ.